ಕತ್ತಲೆಯ ಆಟಗಳು: ನಾವು ಮುಗಿಸಿದ ನಾಲ್ಕು ವಿಡಿಯೋ ಆಟಗಳನ್ನು ಕುರಿತು

೧

ಕಳೆದ ತಿಂಗಳು ನಮ್ಮ ಸಂಘದ ವಾಚನಾಲಯದಲ್ಲಿ ಗೋಷ್ಠಿ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ಹಿರಿಯ ಸದಸ್ಯರೊಬ್ಬರು ವಿಷಾದದಿಂದ ಒಂದು ಮಾತು ಹೇಳಿದರು: "ಈಗಿನ ಹುಡುಗರು ಪುಸ್ತಕ ಮುಟ್ಟುವುದಿಲ್ಲ. ಬಾಗಿಲು ಹಾಕಿಕೊಂಡು ಟೀವಿಯೊಳಗೆ ಹೆಣ ಉರುಳಿಸುತ್ತ ಕೂಡುತ್ತಾರೆ." ನೆರೆದವರೆಲ್ಲ ತಲೆದೂಗಿದರು. ನಾವೂ ತಲೆದೂಗಿದೆವು. ಆದರೆ ಸ್ವಾರಗೇಟಿನಿಂದ ಮನೆಗೆ ಬರುವ ಬಸ್ಸಿನಲ್ಲಿ ಆ ತಲೆದೂಗುವಿಕೆ ನಮ್ಮನ್ನೇ ಚುಚ್ಚತೊಡಗಿತು. ಕಾರಣವಿಷ್ಟೇ: ಟೀವಿಯೊಳಗೆ ಹೆಣ ಉರುಳಿಸುವವರಲ್ಲಿ ನಾವೂ ಒಬ್ಬರು.

ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ವಯಸ್ಸು ನಲವತ್ತೆಂಟು. ಧಾರವಾಡದ ಕಡೆಯವರು, ಓದಿದ್ದು ಬಿ.ಎಸ್ಸಿ. ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಂಥವರಿಗೆ ಈ ಹುಡುಗಾಟ ಹೇಗೆ ಗಂಟುಬಿತ್ತು ಎಂದು ವಾಚಕರು ಕೇಳಬಹುದು. ನಮ್ಮ ತಾಯಿಯವರು ಶ್ವಾಸಕೋಶದ ಬೇನೆಯಿಂದ ಹಾಸಿಗೆ ಹಿಡಿದಾಗ ಅವರನ್ನು ಊರಿನಿಂದ ಕರೆತಂದು ನಮ್ಮ ಕ್ವಾರ್ಟರ್ಸಿನ ಹಾಲಿನಲ್ಲಿಯೇ ಮಂಚ ಹಾಕಿದೆವು. ರಾತ್ರಿ ಯಾರಾದರೊಬ್ಬರು ಎಚ್ಚರವಿರಬೇಕಾಗಿತ್ತು. ಆಮ್ಲಜನಕದ ಯಂತ್ರ ಗುಂಯ್ ಎನ್ನುತ್ತಿರುವಾಗ ಓದಲು ಮನಸ್ಸು ನಿಲ್ಲುತ್ತಿರಲಿಲ್ಲ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದ ನಮ್ಮ ಚಿರಂಜೀವಿ ಒಂದು ಪ್ಲೇಸ್ಟೇಷನ್ ಯಂತ್ರವನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದಿದ್ದ. ಅವನ ಸರದಿಯ ರಾತ್ರಿಗಳಲ್ಲಿ ಅವನು ಆಡುತ್ತಿದ್ದ. ನಮ್ಮ ಸರದಿ ಬಂದಾಗ ನಾವು ಕಲಿತೆವು. ಹೀಗೆ ಎರಡು ವರ್ಷಗಳಲ್ಲಿ ನಾವು ನಾಲ್ಕು ಆಟಗಳನ್ನು ಕೊನೆ ಮುಟ್ಟಿಸಿದ್ದೇವೆ. ಅವುಗಳ ಬಗೆಗೆ ನಮಗನಿಸಿದ್ದನ್ನು ಇಲ್ಲಿ ನಿವೇದಿಸುತ್ತೇವೆ. ಕತೆಯ ಗುಟ್ಟುಗಳನ್ನು ಬಚ್ಚಿಟ್ಟು ವಿಮರ್ಶೆ ಮಾಡುವುದು ನಮ್ಮಿಂದಾಗದ್ದರಿಂದ, ಇನ್ನೂ ಆಡಬೇಕೆಂದಿರುವವರು ಎಚ್ಚರಿಕೆಯಿಂದ ಓದಬೇಕು.

ಅಳೆಯಲು ನಮ್ಮ ಹತ್ತಿರ ಇರುವುದು ಹಳೆಯ ಅಳತೆಗೋಲೇ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಭಯಾನಕ ರಸಕ್ಕೆ ಭಯವನ್ನೂ ಬೀಭತ್ಸಕ್ಕೆ ಜುಗುಪ್ಸೆಯನ್ನೂ ಬೇರೆಬೇರೆಯಾಗಿಯೇ ಹೇಳಿದ್ದಾನೆ. ಹೆದರಿಸುವ ಆಟಗಳೆಂದು ಮಾರಾಟವಾಗುವ ಎಷ್ಟೋ ಆಟಗಳು ಈ ಎರಡನ್ನೂ ಒಂದೇ ಎಂದು ತಿಳಿದು ಕೊಡಗಟ್ಟಲೆ ರಕ್ತ ಸುರಿಯುತ್ತವೆ. ರಕ್ತ ಕಂಡರೆ ಓಕರಿಕೆ ಬರುತ್ತದೆ, ಹೆದರಿಕೆ ಬರುವುದಿಲ್ಲ. ಹೆದರಿಕೆ ಬರುವುದು ಬಾಗಿಲಿನ ಆಚೆ ಏನಿದೆಯೆಂದು ತಿಳಿಯದಾಗ. ಇನ್ನೊಂದು ವಿಷಯವೂ ಉಂಟು. ನಾಟಕದಲ್ಲಿ ಪ್ರೇಕ್ಷಕ ನೋಡುತ್ತಾನೆ, ಅಷ್ಟೇ. ಆಟದಲ್ಲಿ ಅವನ ಕೈಯೇ ಕೆಲಸ ಮಾಡುತ್ತದೆ. ಕೊಂದವರು ಯಾರು ಎಂದು ಕೇಳಿದರೆ ಪರದೆಯ ಮೇಲಿನ ಪಾತ್ರದ ಕಡೆಗೆ ಬೆರಳು ತೋರಿಸಿ ಪಾರಾಗುವಂತಿಲ್ಲ. ಈ ವ್ಯತ್ಯಾಸವನ್ನು ಅರಿತು ಕಟ್ಟಿದ ಆಟ ಯಾವುದು, ಅರಿಯದೆ ಕಟ್ಟಿದ್ದು ಯಾವುದು ಎಂಬುದೇ ನಮ್ಮ ಮಟ್ಟಿಗೆ ಮುಖ್ಯ ಪ್ರಶ್ನೆ.

೨

ಮೊದಲನೆಯದು 'ರೆಸಿಡೆಂಟ್ ಈವಿಲ್ ೨'. ಜಪಾನಿನ ಕ್ಯಾಪ್ಕಾಮ್ ಸಂಸ್ಥೆ ಇದನ್ನು ೧೯೯೮ರಲ್ಲಿ ಹೊರತಂದಿತ್ತು. ನಾವು ಆಡಿದ್ದು ೨೦೧೯ರ ಜನವರಿಯಲ್ಲಿ ಹೊಸದಾಗಿ ಕಟ್ಟಿ ಬಿಡುಗಡೆ ಮಾಡಿದ ಆವೃತ್ತಿ. ಅಮೆರಿಕದ ರಕೂನ್ ಸಿಟಿ ಎಂಬ ಕಲ್ಪಿತ ಪಟ್ಟಣ. ಅಂಬ್ರೆಲ್ಲಾ ಎಂಬ ಔಷಧ ಕಂಪನಿಯ ರೋಗಾಣು ಹರಡಿ ಊರಿನ ಜನ ಸತ್ತೂ ಸಾಯದವರಾಗಿದ್ದಾರೆ. ಲಿಯಾನ್ ಎಂಬ ಹೊಸ ಪೊಲೀಸಿನವನು ನೌಕರಿಯ ಮೊದಲ ದಿನವೇ ಅಲ್ಲಿಗೆ ಬಂದು ಸಿಕ್ಕಿಬೀಳುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ಕ್ಲೇರ್ ಎಂಬ ಹುಡುಗಿಯೂ ಸಿಕ್ಕಿಬೀಳುತ್ತಾಳೆ. ಆಟದ ಉತ್ತಮ ಭಾಗವೆಲ್ಲ ನಡೆಯುವುದು ಹಿಂದೊಮ್ಮೆ ಕಲಾ ಸಂಗ್ರಹಾಲಯವಾಗಿದ್ದ ದೊಡ್ಡ ಪೊಲೀಸ್ ಠಾಣೆಯಲ್ಲಿ.

ಈ ಆಟದ ಜೀವಾಳ ಕೊರತೆ. ಆರಂಭದಲ್ಲಿ ಇರುವುದು ಎಂಟು ಖಾನೆಗಳ ಚೀಲ. ಪಿಸ್ತೂಲು, ಗುಂಡು, ಗಾಯ ಮಾಯಿಸುವ ಸೊಪ್ಪು, ಬಾಗಿಲಿನ ಕೀಲಿ ಎಲ್ಲವೂ ಅದರಲ್ಲೇ ಹಿಡಿಯಬೇಕು. ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ಗುಂಡುಗಳು ಎಣಿಸಿದಷ್ಟೇ. ಒಂದು ಹೆಣದ ತಲೆಗೆ ಮೂರು ನಾಲ್ಕು ಹೊಡೆದರೂ ಅದು ಬಿದ್ದಂತೆ ನಟಿಸಿ, ನಾವು ದಾಟುವಾಗ ಕಾಲು ಹಿಡಿಯುತ್ತದೆ. ಆದ್ದರಿಂದ ಇಲ್ಲಿ ಜಾಣತನವೆಂದರೆ ಹೊಡೆಯುವುದಲ್ಲ, ಯಾವುದನ್ನು ಹೊಡೆಯದೆ ಬಿಡಬಹುದೆಂದು ಲೆಕ್ಕ ಹಾಕುವುದು. ಕಿಟಕಿಗೆ ಹಲಗೆ ಬಡಿದರೆ ಆ ದಾರಿ ಉಳಿಯುತ್ತದೆ. ಆದರೆ ಇರುವುದು ಒಂದೇ ಹಲಗೆ, ಕಿಟಕಿ ಎರಡು. ತಿಂಗಳ ಕೊನೆಯ ವಾರದಲ್ಲಿ ಹಾಲಿನವನಿಗೆ ಕೊಡಬೇಕೋ, ಕಿರಾಣಿಯವನಿಗೆ ಕೊಡಬೇಕೋ ಎಂದು ಯೋಚಿಸಿ ಬಲ್ಲ ಸಂಬಳದಾರನಿಗೆ ಈ ಲೆಕ್ಕಾಚಾರ ತಟ್ಟನೆ ಅರ್ಥವಾಗುತ್ತದೆ. ಗುಂಡು ಕೈತುಂಬ ಇದ್ದರೆ ಇದೇ ಠಾಣೆ ಬರಿಯ ಶೂಟಿಂಗ್ ಗ್ಯಾಲರಿಯಾಗಿಬಿಡುತ್ತಿತ್ತು.

ಎರಡನೆಯ ಸೊಗಸು ಧ್ವನಿಯದು. ಆಟ ಸಾಕಷ್ಟು ಮುಂದುವರಿದ ಮೇಲೆ ಟೋಪಿ, ಉದ್ದ ಕೋಟು ತೊಟ್ಟ ದೈತ್ಯನೊಬ್ಬ ಠಾಣೆಯನ್ನು ಹೊಗುತ್ತಾನೆ. ಹೊಡೆದರೆ ಕ್ಷಣಕಾಲ ಕುಸಿಯುತ್ತಾನೆ, ಸಾಯುವುದಿಲ್ಲ. ಓಡುವುದೂ ಇಲ್ಲ, ನಡೆಯುತ್ತಾನೆ. ಮೇಲಿನ ಮಾಳಿಗೆಯಲ್ಲಿ, ಪಕ್ಕದ ಕೋಣೆಯಲ್ಲಿ, ಬೂಟಿನ ಸದ್ದು ಕೇಳುತ್ತಲೇ ಇರುತ್ತದೆ. ಚಿಕ್ಕಂದಿನಲ್ಲಿ ನಮ್ಮೂರಿನ ದೊಡ್ಡಾಟದಲ್ಲಿ ರಾಕ್ಷಸ ಪರದೆಯ ಹಿಂದೆ ನಿಂತು ಕೂಗು ಹಾಕುತ್ತಿದ್ದುದು ನಮಗೆ ನೆನಪಾಯಿತು. ಮುಖ ಕಂಡ ಮೇಲೆ ಅವನು ಬಣ್ಣ ಬಳಿದುಕೊಂಡ ಪರಿಚಯದ ಗೌಡರೇ. ಆದರೆ ಪರದೆ ಸರಿಯುವವರೆಗೆ ಮಕ್ಕಳೆಲ್ಲ ತಾಯಂದಿರ ಸೆರಗಿನೊಳಗೆ. ಇನ್ನೊಂದು ಪ್ರಾಣಿ ಇದೆ, ತೊಗಲು ಸುಲಿದಂಥದು, ಗೋಡೆ ಹತ್ತುತ್ತದೆ. ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ. ಅದರ ಪಕ್ಕದಲ್ಲಿ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಸದ್ದಾಗದಂತೆ ನಡೆದು ಹೋಗಬೇಕು. ಅಲ್ಲಿ ನಾವು ಸೋಫಾದ ಮೇಲೆ ಕುಳಿತಲ್ಲೇ ಉಸಿರು ಬಿಗಿಹಿಡಿದಿದ್ದೆವು.

ಸಣ್ಣ ಕೋಣೆಗಳಲ್ಲಿ ಟೈಪ್‌ರೈಟರ್ ಇಟ್ಟಿರುತ್ತಾರೆ. ಅಲ್ಲಿಗೆ ಹೋದರೆ ಆಟವನ್ನು ಅಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದು. ೧೯೯೮ರ ಆಟದಲ್ಲಿ ಅದಕ್ಕೂ ಶಾಯಿಯ ರಿಬ್ಬನ್ ಬೇಕಾಗಿತ್ತು. ಹೊಸದರಲ್ಲಿ ಕಠಿಣ ಮಟ್ಟದಲ್ಲಿ ಮಾತ್ರ. ಟೈಪಿಂಗ್ ಲೋಯರ್ ಪರೀಕ್ಷೆ ಪಾಸಾಗಿ ಈ ನೌಕರಿ ಗಿಟ್ಟಿಸಿದ ನಮಗೆ, ಟೈಪ್‌ರೈಟರ್ ಕಂಡೊಡನೆ ಜೀವ ಉಳಿಯಿತೆನಿಸುವ ಆಟ ಜಗತ್ತಿನಲ್ಲಿ ಒಂದಾದರೂ ಇದೆಯಲ್ಲ ಎಂದು ಸಂತೋಷವಾಯಿತು.

ದೋಷಗಳೂ ಇವೆ. ಲಿಯಾನನ ಕತೆ, ಕ್ಲೇರಳ ಕತೆ ಎಂದು ಎರಡು ದಾರಿಗಳಿದ್ದು ಎರಡೂ ಒಂದೇ ರಾತ್ರಿಯವೆಂದು ಹೇಳುತ್ತಾರೆ. ಆದರೆ ಒಬ್ಬರು ಕೊಂದ ರಾಕ್ಷಸನನ್ನೇ ಇನ್ನೊಬ್ಬರೂ ಕೊಲ್ಲುತ್ತಾರೆ. ನಮ್ಮ ಕಚೇರಿಯಲ್ಲಿ ಒಂದೇ ಬಿಲ್ಲನ್ನು ಇಬ್ಬರು ಎರಡು ಸಲ ಪಾಸು ಮಾಡಿದರೆ ಆಡಿಟ್‌ನವರು ಬಿಡುತ್ತಾರೆಯೇ? ಠಾಣೆ ಬಿಟ್ಟು ಗಟಾರಕ್ಕೆ, ಗಟಾರ ಬಿಟ್ಟು ಪ್ರಯೋಗಶಾಲೆಗೆ ಇಳಿದಂತೆ ಆಟದ ಬಿಗಿಯೂ ಇಳಿಯುತ್ತದೆ. ಕೊನೆಗೆ ಕೈಗೆ ದೊಡ್ಡ ಬಂದೂಕು ಬರುತ್ತದೆ, ಭಯ ಹೊರಟುಹೋಗುತ್ತದೆ.

ತಾಯಿಯವರಿಗೆ ಟೀವಿಯ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಮೊಮ್ಮಗ ಆಡುವಾಗ ಮಂಚದ ಮೇಲಿನಿಂದಲೇ "ಈಗ ಏನಾತೋ?" ಎಂದು ಕೇಳುತ್ತಿದ್ದರು. ಶಾಲೆಯಲ್ಲಿ ಮರಾಠಿ, ಗೆಳೆಯರಲ್ಲಿ ಹಿಂದಿ ಆಡಿ ಬೆಳೆದ ಹುಡುಗ ಅಜ್ಜಿಗಾಗಿ ಕನ್ನಡ ಹುಡುಕಿ ಹೇಳಬೇಕಾಯಿತು. ಒಂದು ರಾತ್ರಿ ಎಲ್ಲವನ್ನೂ ಕೇಳಿಸಿಕೊಂಡು ಅವರೆಂದರು: "ಹೆಣ ಎದ್ದು ಅಡ್ಡಾಡತಾವಂದ್ರ, ಅವಕ್ಕ ಸಂಸ್ಕಾರ ಆಗಿಲ್ಲೇನು?" ಹುಡುಗ ನಮ್ಮ ಮುಖ ನೋಡಿದ. ಔಷಧದ ಕಂಪನಿಯವರು ಮಾಡಿದ ಅನಾಹುತವೆಂದು ನಾವು ವಿವರಿಸಿದೆವು. "ಔಷಧದವರು ಮಾಡಿದ್ದಾ? ಹಂಗಾರ ಖರೇ ಇದ್ದೀತು" ಎಂದು ಮಗ್ಗುಲಾದರು. ಸಂಸ್ಕಾರವಿಲ್ಲದ ಸಾವು ಎಂಬ ಆ ಮಾತು, ನಾವು ಓದಿದ ಯಾವ ವಿಮರ್ಶೆಗಿಂತಲೂ ಆ ಆಟದ ಹೃದಯಕ್ಕೆ ಹತ್ತಿರವೆಂದು ನಮಗೆ ಇಂದಿಗೂ ಅನಿಸುತ್ತದೆ.

೩

ಎರಡನೆಯದು 'ಸೆಕಿರೋ: ಶ್ಯಾಡೋಸ್ ಡೈ ಟ್ವೈಸ್'. ಇದೂ ಜಪಾನಿನದೇ. ಫ್ರಂ ಸಾಫ್ಟ್‌ವೇರ್ ಸಂಸ್ಥೆಯ ಹಿದೆತಾಕಾ ಮಿಯಾಝಾಕಿಯವರ ನಿರ್ದೇಶನ. ೨೦೧೯ರ ಮಾರ್ಚ್‌ನಲ್ಲಿ ಬಂದು ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ಪಡೆಯಿತು. ಅಂತಃಕಲಹಗಳ ಕಾಲದ ಜಪಾನಿನಲ್ಲಿ ಆಶಿನಾ ಎಂಬ ಕಲ್ಪಿತ ನಾಡು. ತನ್ನ ಬಾಲ ಒಡೆಯನನ್ನು ಕಾಯಬೇಕಾದ ಒಬ್ಬ ಯೋಧ; ಕಾಯಲು ಹೋಗಿ ಎಡಗೈ ಕಳೆದುಕೊಂಡು, ಮರದ ಕೈ ಜೋಡಿಸಿಕೊಂಡವನು. ಇಲ್ಲಿ ವೀರವೇ ಪ್ರಧಾನ ರಸ.

ಈ ಆಟ ನಮ್ಮನ್ನು ನಾಲ್ಕು ತಿಂಗಳು ಅರೆದುಹಾಕಿತು. ಸುಲಭ, ಸಾಧಾರಣ, ಕಠಿಣ ಎಂಬ ಆಯ್ಕೆಯೇ ಇಲ್ಲ. ಎಲ್ಲರಿಗೂ ಒಂದೇ ಪ್ರಶ್ನಪತ್ರಿಕೆ. ಶತ್ರುವಿನ ರಕ್ತ ಹರಿಸುವುದಕ್ಕಿಂತ ಅವನ ನಿಲುವನ್ನು ಕೆಡಿಸುವುದು ಇಲ್ಲಿ ಮುಖ್ಯ. ಅವನ ಕತ್ತಿ ಬೀಳುವ ಗಳಿಗೆಗೆ ಸರಿಯಾಗಿ ನಮ್ಮ ಕತ್ತಿ ಒಡ್ಡಿದರೆ ಕಿಡಿ ಹಾರುತ್ತದೆ, ಅವನ ತೋಲ ತಪ್ಪುತ್ತ ಬರುತ್ತದೆ. ಒಂದು ಕ್ಷಣ ಮುಂಚೆಯಾದರೂ ತಪ್ಪು, ತಡವಾದರೂ ತಪ್ಪು. ಕಣ್ಣು ಕಂಡದ್ದಕ್ಕೆ ಕೈ ಆಡಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಈ ಆಟದ ಹಿರಿಯ ಕತ್ತಿವರಸೆಗಾರರು ಅಷ್ಟು ಪುರಸೊತ್ತು ಕೊಡುವುದಿಲ್ಲ. ಹಾಗಾದರೆ ಗೆಲ್ಲುವುದು ಹೇಗೆ? ತಾಳ ಕಲಿತು. ನೋಡಿ ಹೊಡೆಯುವುದನ್ನು ಬಿಟ್ಟು, ಅವನ ಹೊಡೆತಗಳ ಲಯವನ್ನು ಮೈಗೂಡಿಸಿಕೊಂಡಾಗ ಕೈ ತಾನಾಗಿ ಏಳುತ್ತದೆ. ತಬಲಾದವನ ಕೈಯನ್ನು ನೋಡದೆ ಸಮ ಹಿಡಿಯುವ ರಸಿಕರು ನಮ್ಮ ಧಾರವಾಡದ ಬೈಠಕ್ಕುಗಳಲ್ಲಿ ಎಷ್ಟಿಲ್ಲ! ನಲವತ್ತು ದಾಟಿದ ನಮ್ಮ ಬೆರಳುಗಳು ಹುಡುಗನ ಬೆರಳುಗಳಷ್ಟು ಚುರುಕಲ್ಲ; ಆದರೂ ಕೊನೆಯ ಮುದಿ ಯೋಧ ಇಶ್ಶಿನ್‌ನನ್ನು ನೂರಕ್ಕೂ ಹೆಚ್ಚು ಸೋಲುಗಳ ನಂತರ ನಾವು ಮಣಿಸಿದೆವು. ಉತ್ಸಾಹವೇ ವೀರರಸದ ಸ್ಥಾಯೀಭಾವವೆಂದು ಭರತ ಹೇಳಿದ್ದರಲ್ಲಿ ಹುರುಳಿದೆ. ಸೋತು ಮತ್ತೆ ಕೂಡುವ ಮನಸ್ಸಿಗೆ ಬೇರೆ ಹೆಸರು ನಮಗೆ ತೋಚುವುದಿಲ್ಲ.

ಆದರೆ ನಾವು ಈ ಆಟವನ್ನು ಮೆಚ್ಚಿದ ಮುಖ್ಯ ಕಾರಣ ಬೇರೆ. ನಾಯಕನಿಗೆ ಸತ್ತು ಏಳುವ ವರವಿದೆ. ಬೇರೆ ಆಟಗಳಲ್ಲಿಯೂ ಸತ್ತವರು ಏಳುತ್ತಾರೆ, ಏಕೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಮಾತ್ರ ಅದರ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ. ನಾಯಕ ಮತ್ತೆ ಮತ್ತೆ ಸತ್ತರೆ, ಅವನಿಗೆ ನೆರವಾದವರಿಗೆ, ಎರಡು ಒಳ್ಳೆಯ ಮಾತಾಡಿದವರಿಗೆ ಒಂದು ಬಗೆಯ ಕೆಮ್ಮಿನ ರೋಗ ತಗಲುತ್ತದೆ. ಕೋಟೆಯ ಹೊರವಲಯದ ಮನೆಯೊಂದರಲ್ಲಿ ಮಗನ ಹಾದಿ ಕಾಯುವ ಮುದುಕಿ ಒಬ್ಬಳಿದ್ದಾಳೆ. ನಾವು ಸತ್ತು ಎದ್ದು ಬಂದಾಗ ಅವಳು ಕೆಮ್ಮುತ್ತಿದ್ದಳು. ನಮ್ಮ ಬೆನ್ನ ಹಿಂದೆ, ಮಂಚದ ಮೇಲೆ, ತಾಯಿಯವರೂ ಕೆಮ್ಮುತ್ತಿದ್ದರು. ಆ ರಾತ್ರಿ ಆಟ ನಿಲ್ಲಿಸಿ ನೀರು ಕೊಟ್ಟು, ಬೆನ್ನು ನೀವಿ, ಬಹಳ ಹೊತ್ತು ಅಲ್ಲಿಯೇ ಕುಳಿತೆವು. ನಮ್ಮ ಒರಟು ಸೋಲುಗಳು ಯಾರ ಎದೆಯಲ್ಲಿ ಹೋಗಿ ಕೂಡುತ್ತವೆ ಎಂಬುದನ್ನು ಒಂದು ಕತ್ತಿವರಸೆಯ ಆಟ ಕೇಳಬಲ್ಲುದೆಂದು ನಾವು ಎಣಿಸಿರಲಿಲ್ಲ.

ಆಕ್ಷೇಪವನ್ನೂ ಹೇಳಬೇಕು. ಈ ರೋಗದಿಂದ ಆಟದಲ್ಲಿ ಯಾರೂ ಸಾಯುವುದಿಲ್ಲ; ಒಂದು ಔಷಧದ ಹನಿ ಬಳಸಿದರೆ ಎಲ್ಲರೂ ಒಮ್ಮೆಗೇ ಗುಣವಾಗುತ್ತಾರೆ. ಇಷ್ಟು ದೊಡ್ಡ ಮಾತನ್ನು ಎತ್ತಿ ಇಷ್ಟು ಅಗ್ಗದಲ್ಲಿ ಕೈಬಿಟ್ಟದ್ದು ನಮಗೆ ಸರಿ ಕಾಣಲಿಲ್ಲ. ಹಾಗೆಯೇ ಕೈ ಚುರುಕಿಲ್ಲದವರಿಗೆ, ಅಂಗವಿಕಲರಿಗೆ ಇಲ್ಲಿ ಬಾಗಿಲಿಲ್ಲ. ಕಷ್ಟವೇ ಈ ಆಟದ ತಿರುಳೆಂಬ ವಾದ ನಮಗೆ ಅರ್ಥವಾಗುತ್ತದೆ. ಆದರೂ ದೇವಸ್ಥಾನಕ್ಕೆ ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಕಟ್ಟಿದರೆ ದೇವರ ಮಹಿಮೆಯೇನೂ ಕುಂದುವುದಿಲ್ಲ.

೪

ಮೂರನೆಯ ಆಟವನ್ನು ನಾವು ಅಭಿಮಾನದಿಂದಲೇ ಕೈಗೆತ್ತಿಕೊಂಡೆವು. 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡದ ಕೃತಿ, ೨೦೨೦ರಲ್ಲಿ ಬಂದದ್ದು. ಇದಕ್ಕೆ ಮುಂಚೆ ೨೦೧೭ರಲ್ಲಿ ಅವರು ಸಾರ್ವಜನಿಕರಿಂದ ಹಣ ಕೂಡಿಸಲು ಯತ್ನಿಸಿ ಗುರಿ ಮುಟ್ಟಿರಲಿಲ್ಲ. ಆದರೂ ಕೈಬಿಡದೆ ಮುಗಿಸಿದ್ದಕ್ಕೆ ಅವರನ್ನು ಅಭಿನಂದಿಸಬೇಕು.

ರಾಜಿ ಎಂಬವಳು ಡೊಂಬರಾಟದ ಹುಡುಗಿ. ಅಸುರರು ಅವಳ ತಮ್ಮ ಗೋಲುವನ್ನು ಎತ್ತಿಕೊಂಡು ಹೋಗುತ್ತಾರೆ. ದುರ್ಗಾದೇವಿ ಅವಳನ್ನು ಆರಿಸಿ ತ್ರಿಶೂಲ ಕೊಡುತ್ತಾಳೆ. ದುರ್ಗೆಯೂ ವಿಷ್ಣುವೂ ಮೇಲಿನಿಂದ ನೋಡುತ್ತ ಕತೆ ಹೇಳುತ್ತ ಹೋಗುತ್ತಾರೆ. ರಾಜಸ್ಥಾನದ ಕೋಟೆಗಳನ್ನು ನೆನಪಿಗೆ ತರುವ ಕಟ್ಟಡಗಳು, ಪಹಾಡಿ ಚಿತ್ರಗಳ ಬಣ್ಣ, ಕತೆಯ ಸಂಧಿಗಳಲ್ಲಿ ನೆರಳುಗೊಂಬೆಯಾಟ. ನಮ್ಮ ತೊಗಲುಗೊಂಬೆ ಕಂಡವರಿಗೆ ಆ ನೆರಳುಗಳು ಮೈನವಿರೇಳಿಸುತ್ತವೆ. ಕಂಬವನ್ನು ಹಿಡಿದು ಗಿರ್ರನೆ ಸುತ್ತಿ ಶತ್ರುಗಳ ಮೇಲೆ ಎರಗುವ ವರಸೆ ಡೊಂಬರ ಹುಡುಗಿಗೆ ಒಪ್ಪುವಂಥದೇ.

ಆದರೆ ಪ್ರೀತಿಯಿದ್ದಲ್ಲಿ ಸುಳ್ಳು ಹೇಳಬಾರದು. ಯುದ್ಧಗಳು ಪೇಲವ. ಬಯಲಿಗೆ ಕಾಲಿಟ್ಟೊಡನೆ ದಾರಿ ಮುಚ್ಚುತ್ತದೆ, ಅಸುರರು ಗುಂಪಾಗಿ ಪ್ರತ್ಯಕ್ಷರಾಗುತ್ತಾರೆ, ಕೊಂದಾದ ಮೇಲೆ ದಾರಿ ತೆರೆಯುತ್ತದೆ. ಮುಂದಿನ ಬಯಲಿನಲ್ಲಿ ಮತ್ತೆ ಅದೇ. ನಮ್ಮ ದೊಡ್ಡಾಟದ ಭಾಗವತರಿಗೆ ತಿಳಿದಿದ್ದ ಒಂದು ಗುಟ್ಟು ಇವರಿಗೆ ತಿಳಿಯಲಿಲ್ಲ: ರಾಕ್ಷಸನಿಗೆ ಪ್ರವೇಶ ಬೇಕು. ಕೂಗು ಬೇಕು, ಕಾಯಿಸುವಿಕೆ ಬೇಕು, ಪರದೆ ನಡುಗಬೇಕು. ಹೆಸರು ಮಹಾಬಲಾಸುರ ಎಂದಿಟ್ಟ ಮಾತ್ರಕ್ಕೆ ಅವನು ಮಹಾಬಲನಾಗುವುದಿಲ್ಲ. ಜಪಾನಿನವರು ಕೋಟು ತೊಟ್ಟ ಒಬ್ಬ ಮೂಕನಿಂದ ಸಾಧಿಸಿದ್ದನ್ನು, ಪುರಾಣಗಳ ಭಂಡಾರವೇ ಕೈಯಲ್ಲಿದ್ದ ನಾವು ಸಾಧಿಸಲಿಲ್ಲವಲ್ಲ ಎಂದು ಬೇಸರವಾಯಿತು. ದೇವತೆಗಳು ಎಲ್ಲವನ್ನೂ ಬಾಯಿಬಿಟ್ಟು ವಿವರಿಸುವುದರಿಂದ ಆಡುವವನಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಐದಾರು ಗಂಟೆಗಳಲ್ಲಿ ಆಟ ಮುಗಿಯುತ್ತದೆ. ಮುಗಿಯುತ್ತದೆ ಎನ್ನುವುದಕ್ಕಿಂತ, ಕತೆ ನಡುದಾರಿಯಲ್ಲಿ ನಮ್ಮನ್ನಿಳಿಸಿ ಹೋಗುತ್ತದೆ.

ಹಾಗಿದ್ದರೂ ಇದನ್ನು ಆಡಿ ಎನ್ನುತ್ತೇವೆ. ಸಣ್ಣ ಬಂಡವಾಳದ ಮೊದಲ ನಾಟಕದಲ್ಲಿ ಪರದೆ ಸಿಕ್ಕಿಕೊಂಡರೆ ನಾವು ಎದ್ದು ಹೋಗುತ್ತೇವೆಯೇ? ಈ ಆಟ ಮೊದಲು ಬಂದಾಗ ನಮ್ಮ ದೇವರುಗಳು ಇಂಗ್ಲಿಷ್ ಆಡುತ್ತಿದ್ದರು. ಆಮೇಲಿನ ಆವೃತ್ತಿಯಲ್ಲಿ ಹಿಂದಿ ಸೇರಿತು. ತೊಗಲುಗೊಂಬೆಯ ನಾಡಿನವರಾದ ನಾವು ಕನ್ನಡ ಕೇಳಲು ಇನ್ನೆಷ್ಟು ಕಾಯಬೇಕೋ!

೫

ತಾಯಿಯವರು ಕಾರ್ತಿಕದಲ್ಲಿ ತೀರಿಕೊಂಡರು. ಕರ್ಮಾಂತರಗಳೆಲ್ಲ ಮುಗಿದು ಊರಿನಿಂದ ಮರಳಿದ ಮೇಲೆ ಹಾಲಿನಲ್ಲಿ ಮಂಚದ ಜಾಗ ಖಾಲಿಯಾಗಿ ಉಳಿಯಿತು. ಎಚ್ಚರವಿರುವ ಚಟ ಮಾತ್ರ ಬಿಡಲಿಲ್ಲ. ರಾತ್ರಿ ಎರಡಕ್ಕೆ ಕಣ್ಣು ತಾನಾಗಿ ತೆರೆಯುತ್ತಿತ್ತು. ಅಂಥ ದಿನಗಳಲ್ಲಿ ನಾವು ನಾಲ್ಕನೆಯ ಆಟಕ್ಕೆ ಕುಳಿತೆವು: 'ಸೈಲೆಂಟ್ ಹಿಲ್ ೨'. ೨೦೦೧ರಲ್ಲಿ ಜಪಾನಿನ ಕೊನಾಮಿ ಸಂಸ್ಥೆ ಹೊರತಂದ ಈ ಆಟವನ್ನು ಪೋಲೆಂಡಿನ ಬ್ಲೂಬರ್ ಟೀಮ್ ಹೊಸದಾಗಿ ಕಟ್ಟಿತು. ಅದು ೨೦೨೪ರ ಅಕ್ಟೋಬರ್‌ನಲ್ಲಿ ಬಂದಿತು. ಸಂಗೀತ ಆಗಲೂ ಈಗಲೂ ಅಕಿರಾ ಯಾಮಾಓಕಾ ಅವರದು.

ಜೇಮ್ಸ್ ಎಂಬ ಸಾಧಾರಣ ಮನುಷ್ಯ. ನಮ್ಮಂತೆಯೇ ಗುಮಾಸ್ತನಿದ್ದರೂ ಇರಬಹುದು ಎನ್ನುವಂಥ ಮುಖ. ಮೂರು ವರ್ಷಗಳ ಹಿಂದೆ ಕಾಯಿಲೆಯಿಂದ ತೀರಿಕೊಂಡ ಹೆಂಡತಿ ಮೇರಿಯಿಂದ ಅವನಿಗೆ ಪತ್ರ ಬರುತ್ತದೆ: ಸೈಲೆಂಟ್ ಹಿಲ್ ಎಂಬ ಸರೋವರದ ಊರಿನಲ್ಲಿ ಕಾಯುತ್ತಿದ್ದೇನೆ ಎಂದು. ಅವನು ಹೋಗುತ್ತಾನೆ. ಊರು ಮಂಜಿನಲ್ಲಿ ಮುಳುಗಿದೆ. ಈ ಮಂಜಿಗೊಂದು ಹಿನ್ನೆಲೆಯುಂಟು. ೧೯೯೯ರ ಮೊದಲ 'ಸೈಲೆಂಟ್ ಹಿಲ್' ಬಂದಾಗ ಅಂದಿನ ಯಂತ್ರಕ್ಕೆ ದೂರದ ಬೀದಿಗಳನ್ನೆಲ್ಲ ಒಮ್ಮೆಗೇ ಬಿಡಿಸುವ ಶಕ್ತಿಯಿರಲಿಲ್ಲ. ಆ ಬಡತನವನ್ನು ಮಂಜಿನಿಂದ ಮುಚ್ಚಿದರು. ಈಗಿನ ಯಂತ್ರಕ್ಕೆ ಆ ಬಡತನವಿಲ್ಲ. ಆದರೂ ಮಂಜು ಉಳಿದಿದೆ, ಏಕೆಂದರೆ ಕತೆಗೆ ಅದು ಬೇಕು. ಜೇಮ್ಸನ ಜೇಬಿನಲ್ಲೊಂದು ಸಣ್ಣ ರೇಡಿಯೋ. ವಿಕಾರ ಪ್ರಾಣಿ ಹತ್ತಿರ ಬಂದಾಗ ಅದು ಕರಕರ ಎನ್ನುತ್ತದೆ. ಸದ್ದು ಎಚ್ಚರಿಸುತ್ತದೆ, ದಿಕ್ಕು ಹೇಳುವುದಿಲ್ಲ. ಆಮ್ಲಜನಕದ ಯಂತ್ರದ ಸದ್ದು ಬದಲಾದೊಡನೆ ನಿದ್ದೆಯಲ್ಲಿಯೂ ಎದ್ದು ಕೂಡುತ್ತಿದ್ದ ನಮಗೆ ಆ ಭಯವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಗುಟ್ಟು ಇದು. ಮೇರಿ ಕಾಯಿಲೆಯಿಂದ ಸತ್ತದ್ದಲ್ಲ. ಹಾಸಿಗೆ ಹಿಡಿದ ಅವಳ ಮುಖದ ಮೇಲೆ ದಿಂಬು ಒತ್ತಿ ಜೇಮ್ಸನೇ ಕೊಂದಿದ್ದಾನೆ, ಕೊಂದದ್ದನ್ನು ಮರೆತಿದ್ದಾನೆ. ಅವಳ ಸಂಕಟ ನೋಡಲಾರದೆಯೋ, ತನ್ನ ಸಂಕಟ ತಾಳಲಾರದೆಯೋ? ಆಟ ಎರಡನ್ನೂ ಎದುರಿಗಿಟ್ಟು ತೀರ್ಪು ಕೊಡುವುದಿಲ್ಲ. ಊರಿನ ವಿಕಾರಗಳೆಲ್ಲ, ತಲೆಯ ಮೇಲೆ ಕಬ್ಬಿಣದ ಮುಕ್ಕೋನ ಹೊತ್ತ ಆ ದಂಡಧಾರಿ ಕೂಡ, ಅವನ ಮನಸ್ಸು ಹೆತ್ತವು. ಇಲ್ಲಿ ಭಯಾನಕ ಮೆಲ್ಲಗೆ ಕರುಣಕ್ಕೆ ತಿರುಗುತ್ತದೆ. ತಿರುಗಿದ್ದು ಯಾವಾಗ ಎಂದು ಗೊತ್ತೇ ಆಗುವುದಿಲ್ಲ.

ಇಲ್ಲಿ ನಮ್ಮದೊಂದು ಮಾತನ್ನು ಹೇಳಲೇಬೇಕು. ಹೇಳದಿದ್ದರೆ ಈ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ. ಆಶ್ವೀಜದ ಒಂದು ರಾತ್ರಿ, ಮೂರು ಗಂಟೆಯ ಸುಮಾರಿಗೆ, ತಾಯಿಯವರ ಬಟ್ಟೆ ಬದಲಿಸಿ ಕೈ ತೊಳೆಯುತ್ತಿದ್ದಾಗ, 'ಇದು ಬೇಗ ಮುಗಿದರೆ ಸಾಕು' ಎಂಬ ವಿಚಾರ ನಮ್ಮ ಮನಸ್ಸಿನಲ್ಲಿ ಹಾದುಹೋಯಿತು. ಅವರ ನೋವು ಮುಗಿಯಲಿ ಎಂದೇ ಅಂದುಕೊಂಡೆವು ಎಂದು ಆಮೇಲೆ ನಾವೇ ನಮಗೆ ಹೇಳಿಕೊಂಡೆವು. ಬೆಳಿಗ್ಗೆ ಏಳಕ್ಕೆ ಕಚೇರಿಯ ಬಸ್ಸು ಹಿಡಿಯಬೇಕೆಂಬ ಚಿಂತೆಯೂ ಆ ಹೊತ್ತಿಗೆ ಇತ್ತು ಎಂಬುದನ್ನು ಹೇಳಿಕೊಳ್ಳಲಿಲ್ಲ. ಇದನ್ನು ಮನೆಯವರಿಗೂ ಹೇಳಿರಲಿಲ್ಲ. ಜೇಮ್ಸ್ ಆ ವೀಡಿಯೋ ಟೇಪಿನ ಮುಂದೆ ಕುಳಿತು ತಾನು ಮಾಡಿದ್ದನ್ನು ನೋಡುವಾಗ ನಾವು ಕೈಯಲ್ಲಿದ್ದುದನ್ನು ಕೆಳಗಿಟ್ಟೆವು.

ಈ ಆಟಕ್ಕೆ ಅಂತ್ಯಗಳು ಹಲವು. ಯಾವ ಅಂತ್ಯ ಬರಬೇಕೆಂದು ಆಡುವವನನ್ನು ನೇರವಾಗಿ ಕೇಳುವುದಿಲ್ಲ. ಅವನ ನಡತೆಯನ್ನು ಮೌನವಾಗಿ ಗಮನಿಸಿ ತಾನೇ ತೀರ್ಮಾನಿಸುತ್ತದೆ. ಮೇರಿಯ ಪತ್ರವನ್ನು ಎಷ್ಟು ಸಲ ತೆಗೆದು ನೋಡಿದೆ, ಗಾಯವಾದಾಗ ಉಪಚರಿಸಿಕೊಂಡೆಯೋ ಇಲ್ಲವೋ ಎಂಬಂಥವು ಅದರ ಲೆಕ್ಕಗಳು. ನಾವಾದರೋ ರಕೂನ್ ಸಿಟಿಯಲ್ಲಿ ಕಲಿತ ಕಂಜೂಸುತನದಲ್ಲಿ ಔಷಧವನ್ನೆಲ್ಲ ಕೂಡಿಟ್ಟು, ಜೇಮ್ಸನನ್ನು ಗಾಯದಲ್ಲಿಯೇ ನಡೆಸಿದ್ದೆವು. ಕೊನೆಯಲ್ಲಿ ಅವನು ಕಾರಿನೊಡನೆ ಸರೋವರಕ್ಕೆ ಇಳಿದುಬಿಟ್ಟ. ಕತ್ತಲೆಯಲ್ಲಿ ಮೇರಿಯ ಪೂರ್ತಿ ಪತ್ರ ಅವಳದೇ ಧ್ವನಿಯಲ್ಲಿ ಕೇಳಿಬಂತು.

ಹಿಂದೆ ನಿಂತು ನೋಡುತ್ತಿದ್ದ ಚಿರಂಜೀವಿ ಮೆಲ್ಲಗೆ ಹೇಳಿದ: "ಅಪ್ಪಾ, ನೀವು ಔಷಧಾನ ತೊಗೊಳ್ಳಿಲ್ಲ. ನಿಮಗ ಬದಕೋ ಮನಸಿಲ್ಲ ಅಂತ ಆಟಕ್ಕ ಅನಿಸೇತಿ." ನಾವು ಲೆಕ್ಕಾಚಾರವೆಂದು ತಿಳಿದಿದ್ದನ್ನು ಆಟ ಶೋಕವೆಂದು ಓದಿತ್ತು. ಅದು ಯಂತ್ರದ ಎಣಿಕೆಯಷ್ಟೇ ಎಂದು ಬಿ.ಎಸ್ಸಿ. ಓದಿದ ನಮಗೆ ಗೊತ್ತು. ಆದರೂ ಆ ವಾರದಲ್ಲಿ, ಮೂರು ತಿಂಗಳಿಂದ ಮುಂದೂಡುತ್ತ ಬಂದಿದ್ದ ರಕ್ತದೊತ್ತಡದ ತಪಾಸಣೆಗೆ ಹೋಗಿಬಂದೆವು. ಆಶ್ವೀಜದ ಆ ರಾತ್ರಿಯ ಮಾತನ್ನು ಮನೆಯವರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಹಂಗ ಅನಿಸಿತ್ತು" ಎಂದರು.

ಈ ಆಟದಲ್ಲಿಯೂ ಹುಳುಕಿದೆ. ಆಸ್ಪತ್ರೆಯ, ಸೆರೆಮನೆಯ ಓಣಿಗಳು ಅಗತ್ಯಕ್ಕಿಂತ ಉದ್ದ. ಅದೇ ಪ್ರಾಣಿಯನ್ನು ಅದೇ ಕಬ್ಬಿಣದ ಕೊಳವೆಯಿಂದ ಎಷ್ಟನೆಯ ಸಲ ಬಡಿಯುವುದು? ಹಳೆಯದರ ಒರಟುತನದಲ್ಲಿ ಕನಸಿನ ಗುಣವಿತ್ತು, ಹೊಸದರ ನುಣುಪಿನಲ್ಲಿ ಅದು ಕೊಂಚ ಕರಗಿದೆ ಎಂದು ಚಿರಂಜೀವಿಯ ಅಭಿಪ್ರಾಯ. ಹಳೆಯದನ್ನು ಅವನ ಗೆಳೆಯನ ಮನೆಯಲ್ಲಿ ಒಂದು ಗಂಟೆ ನೋಡಿದ ನಾವು ಅರ್ಧ ಒಪ್ಪುತ್ತೇವೆ. ಆದರೆ ಆಡುವವನ ಕೈಯೇ ಕತೆಯ ಸಾಕ್ಷಿಯಾಗುವ ಬಗೆಯನ್ನು ಈ ನಾಲ್ಕರಲ್ಲಿ ಪೂರ್ತಿಯಾಗಿ ಅರಿತದ್ದು ಇದೊಂದೇ.

೬

ಒಟ್ಟಿನಲ್ಲಿ ನಮ್ಮ ತೀರ್ಪು ಹೀಗೆ: 'ಸೈಲೆಂಟ್ ಹಿಲ್ ೨' ಮೊದಲನೆಯದು, 'ಸೆಕಿರೋ' ಎರಡನೆಯದು, 'ರೆಸಿಡೆಂಟ್ ಈವಿಲ್ ೨' ತೀರ ಹತ್ತಿರದ ಮೂರನೆಯದು. 'ರಾಜಿ'ಗೆ ನಾಲ್ಕನೆಯ ಸ್ಥಾನ. ಅವರ ಮುಂದಿನ ಆಟಕ್ಕೆ ನಮ್ಮ ಆಶೀರ್ವಾದ.

ಹಿರಿಯ ಸದಸ್ಯರ ಆಕ್ಷೇಪಣೆಗೆ ಬರೋಣ. ಅವರು ಹೇಳಿದ್ದರಲ್ಲಿ ಸತ್ಯವಿಲ್ಲದಿಲ್ಲ. ಇವುಗಳಲ್ಲಿ 'ರಾಜಿ'ಯೊಂದನ್ನು ಬಿಟ್ಟು ಉಳಿದ ಮೂರಕ್ಕೂ ಅಮೆರಿಕದ ಶ್ರೇಣೀಕರಣ ಮಂಡಳಿಯವರು ಹದಿನೇಳು ವರ್ಷ ದಾಟಿದವರಿಗೆ ಎಂದು ಮುದ್ರೆ ಒತ್ತಿದ್ದಾರೆ. ಆ ಮುದ್ರೆ ಸರಿಯಾಗಿಯೇ ಇದೆ. ಐದನೆಯ ಇಯತ್ತೆಯ ಮಕ್ಕಳ ಕೈಗೆ ಇವನ್ನು ಕೊಟ್ಟು ತಾಯಿತಂದೆ ಸೀರಿಯಲ್ ನೋಡುತ್ತ ಕೂತರೆ ತಪ್ಪು ಆಟದ್ದಲ್ಲ. ಹೆಣ ಉರುಳಿಸುವುದನ್ನೇ ಬಂಡವಾಳ ಮಾಡಿಕೊಂಡ ಆಟಗಳೂ ರಾಶಿ ಇವೆ. ಅಂಥ ಪುಸ್ತಕಗಳೂ ಸಿನೆಮಾಗಳೂ ಇಲ್ಲವೇ? ಎಲ್ಲವನ್ನೂ ಒಂದೇ ಗಂಟು ಕಟ್ಟಿ ಎಸೆದರೆ ಒಳ್ಳೆಯದೂ ಹೋಗುತ್ತದೆ.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ಸೂಚನೆ. ವರ್ಷದಲ್ಲಿ ಒಂದು ಭಾನುವಾರ ಕಾಲೇಜು ಹುಡುಗ ಹುಡುಗಿಯರನ್ನು ವಾಚನಾಲಯಕ್ಕೆ ಕರೆದು, ತಾವು ಆಡಿ ಮುಗಿಸಿದ ಒಂದು ಆಟದ ಕತೆಯನ್ನು ಹಿರಿಯರಿಗೆ ಕನ್ನಡದಲ್ಲಿ ಹೇಳಿಸಬೇಕು. ನಮ್ಮ ಚಿರಂಜೀವಿ ಪ್ರಬಂಧ ಸ್ಪರ್ಧೆಗೆ ಎಂದೂ ಹೆಸರು ಕೊಟ್ಟವನಲ್ಲ. ಆದರೆ ಎಂಟು ತಿಂಗಳು ಒಬ್ಬ ಅಜ್ಜಿಗೆ ರಾತ್ರಿ ರಾತ್ರಿ ಕನ್ನಡದಲ್ಲಿ ಕತೆ ಹೇಳಿದ. ಹೇಳುವಾಗ ಶಬ್ದ ಸಿಗದೆ ತಡವರಿಸಿದಾಗ ಅಜ್ಜಿ ಶಬ್ದ ಕೊಟ್ಟರು. ಕೊನೆಯ ದಿನಗಳಲ್ಲಿ ಮಾತು ನಿಂತ ಮೇಲೆಯೂ, ಅವನು ಆಟ ಹಚ್ಚಿದರೆ ಅವರ ಕಣ್ಣು ಟೀವಿಯ ಕಡೆ ತಿರುಗುತ್ತಿತ್ತು.

ಮುಂದಿನ ಗೋಷ್ಠಿಗೆ ಆ ಹಿರಿಯ ಸದಸ್ಯರೂ ಬರುತ್ತಾರೆ. ಅಷ್ಟರಲ್ಲಿ ಅವರು ಒಂದು ಸಂಜೆ ನಮ್ಮ ಮನೆಗೆ ದಯಮಾಡಿಸಿ, ಒಂದು ಗಂಟೆ ಆ ಪೊಲೀಸ್ ಠಾಣೆಯಲ್ಲಿ ನಮ್ಮೊಡನೆ ಅಡ್ಡಾಡಬೇಕೆಂದು ವಿನಂತಿ. ಚಹಾ ಚೂಡಾದ ಜವಾಬ್ದಾರಿ ನಮ್ಮದು. ಇಷ್ಟು ಬರೆದು ವಿರಮಿಸುತ್ತೇವೆ.